ಬಂದ ಕಾರಣ

ನನ್ನ ಪುಸ್ತಕದಲ್ಲಿ ಐದು ಕಾಲಂ:
ಹೆಸರು, ಫೋನ್ ನಂಬರು,
ಒಳಗೆ ಹೋದ ಹೊತ್ತು, ಹೊರಗೆ ಬಂದ ಹೊತ್ತು,
ಬಂದ ಕಾರಣ.

ನೈರೋಬಿಯ ಲುಂಗಾಲುಂಗಾ ರಸ್ತೆ, ಸೋಪಿನ ಕಾರ್ಖಾನೆ,
ಅದರ ನೀಲಿ ಗೇಟಿಗೆ ನಾನು ಹನ್ನೊಂದು ವರ್ಷದ ಕಾವಲು.
ಗೇಟಿನ ಮೇಲೆ ಬಿಳಿ ಬಣ್ಣದಲ್ಲಿ ‘ಹಕೂನ ಕಾಜಿ’,
ಕೆಲಸ ಇಲ್ಲ ಅಂತ.
ಅದನ್ನು ಬರೆದವನಿಗೆ ಮಾತ್ರ
ಅವತ್ತೊಂದು ದಿನ ಕೆಲಸ ಇತ್ತು.

ಮೇ ತಿಂಗಳು ಬಂತೆಂದರೆ ಎಂಜಿನಿಯರಿಂಗ್ ಹುಡುಗರು ಬರುತ್ತಾರೆ.
ಹನ್ನೆರಡು ವಾರದ ತರಬೇತಿ ಬೇಕು, ಸಂಬಳ ಬೇಡ,
ಮೂಲೆಯಲ್ಲಿ ನಿಂತು ನೋಡಿದರೂ ಸಾಕು ಅನ್ನುತ್ತಾರೆ.
ದಿನಗೂಲಿಯವರು ಕೂತು ಕೂತು ನುಣುಪಾದ ಕಲ್ಲಿನ ಮೇಲೇ
ಫೈಲು ಹಾಸಿ ಕೂರುತ್ತಾರೆ.
ನಾನು ಹೆಸರು ಬರೆಯುತ್ತೇನೆ, ನಂಬರು ಬರೆಯುತ್ತೇನೆ.
ಹೋದ ಹೊತ್ತು ಖಾಲಿ. ಬಂದ ಹೊತ್ತು ಖಾಲಿ.

ಕೆರುಬೊ ಬಂದದ್ದು ಒಂದು ಮಂಗಳವಾರ.
ಕಿಸೀ ಕಡೆಯವಳು, ಮೆಕ್ಯಾನಿಕಲ್, ನಾಲ್ಕನೇ ವರ್ಷ.
ಚೀಲದಲ್ಲಿ ರಬ್ಬರ್ ಚಪ್ಪಲಿ; ಗೇಟು ಕಂಡಾಗ ಮಾತ್ರ ಬೂಟು.
ಕಾಲೇಜಿನ ಪತ್ರ ಮೂವತ್ತು ಜೆರಾಕ್ಸ್ ಮಾಡಿಸಿದ್ದಳಂತೆ,
ಒಂದಕ್ಕೆ ಐದು ಶಿಲಿಂಗ್, ಉಳಿದದ್ದು ನಾಲ್ಕು.
‘ಇಪ್ಪತ್ತಾರು ಗೇಟು!’ ಅಂದೆ.
‘ಒಂದು ಪತ್ರ ಮರುದಿನವೇ
ಮಂದಾಜಿ ಸುತ್ತಿಕೊಂಡು ನನ್ನ ಕೈಗೇ ವಾಪಸು ಬಂತು,’
ಅಂದಳು. ನಕ್ಕಳೋ, ದೂಳಿಗೆ ಕಣ್ಣು ಕಿರಿದು ಮಾಡಿದಳೋ.

ಒಳಗೆ ಫೋನು ಮಾಡಿದೆ.
‘ಇಮೇಲ್ ಮಾಡಲಿ’ ಎಂದಿತು ಫೋನು.
ಯಾವ ವಿಳಾಸಕ್ಕೆ ಅಂತ ನಾನು ಕೇಳಲಿಲ್ಲ,
ಕೇಳುವುದು ನನ್ನ ಸಂಬಳದಲ್ಲಿ ಸೇರಿಲ್ಲ.

ಅವಳು ಹೋಗಲಿಲ್ಲ. ಕತ್ತು ವಾಲಿಸಿ ನಿಂತಳು,
ಪಕ್ಕದ ಮನೆಯಲ್ಲಿ ಮಗು ಅತ್ತರೆ ನಿಲ್ಲುತ್ತಾರಲ್ಲ, ಹಾಗೆ.
‘ಮ್ಜೇ, ಮೇಲೆ ಎರಡನೇ ಫ್ಯಾನು, ಎಡಗಡೆ.
ಬೇರಿಂಗ್ ಸಾಯ್ತಾ ಇದೆ. ಕೇಳಿಸ್ತಾ?’

ಕೇಳಿಸದೆ!
ಎಂಟು ತಿಂಗಳಿಂದ ಆ ನರಳಾಟದ ಪಕ್ಕದಲ್ಲೇ ಗಂಜಿ ಕುಡಿದಿದ್ದೇನೆ,
ನನ್ನ ಹೆಂಡತಿಯ ಗೊರಕೆಗಿಂತ ಚೆನ್ನಾಗಿ
ಅದರ ಏರಿಳಿತ ಬಲ್ಲೆ.
ಆದರೆ ಈ ಗೇಟಿನಲ್ಲಿ ಕಣ್ಣಿಗೆ ಕೂಲಿ, ಕಿವಿಗಿಲ್ಲ.
ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಅವಳು ಕುಕ್ಕರಗಾಲಲ್ಲಿ ಕೂತು
ಬಿದ್ದಿದ್ದ ಸೋಡಾ ಮುಚ್ಚಳಗಳನ್ನು ದುಂಡಗೆ ಜೋಡಿಸಿದಳು.
‘ಇವು ಗುಂಡು ಅಂದ್ಕೊಳ್ಳಿ. ಒಂದರ ಚರ್ಮ ಎದ್ದರೆ
ಉಳಿದವೂ ಅದರ ಭಾರ ಹೊರಬೇಕು.’
ಅರವತ್ತೆರಡು ವರ್ಷಕ್ಕೆ ನನಗೆ ಪಾಠ,
ಹೊರಗಡೆ, ಬಿಸಿಲಲ್ಲಿ, ಬಿಟ್ಟಿ.

ಆಮೇಲೆ ನನ್ನ ಪೆನ್ನು ಕಸಿದುಕೊಂಡು
ತಾನೇ ಬರೆದಳು ಕೊನೆಯ ಕಾಲಮ್ಮಿನಲ್ಲಿ,
‘ಸರಕು’, ‘ಭೇಟಿ’, ‘ಕೆಲಸ’, ‘ಕೆಲಸ’, ‘ಕೆಲಸ’ಗಳ ಕೆಳಗೆ:
ಬೇರಿಂಗ್, ಎರಡನೇ ಫ್ಯಾನು, ಎಡ. ಎರಡು ವಾರ ತಾಳಬಹುದು.

ಒಂಬತ್ತನೇ ದಿನ ಫ್ಯಾನು ನಿಂತಿತು.
ಸೋಪಿನ ಬಿಸಿ ಹಬೆ ಕಿಟಕಿಗಳಿಂದ ಹೊರಬಿತ್ತು, ಜನವೂ ಹೊರಬಿದ್ದರು.
ಎಂಜಿನಿಯರ್ ಸಾಹೇಬರಿಗೆ ಪುಸ್ತಕ ತೆರೆದು ತೋರಿಸಿದೆ.
ಓದಿದರು. ತಾರೀಖು ನೋಡಿದರು. ಮತ್ತೆ ಓದಿದರು.
‘ಯಾರಿದು?’ ಎಂದು ನಂಬರನ್ನು
ಅಂಗೈ ಮೇಲೆ ಬರೆದುಕೊಂಡರು.
ಊಟದ ಹೊತ್ತಿಗೆ ನಲ್ಲಿಯ ಹತ್ತಿರ
ಕೈ ತೊಳೆಯುವುದನ್ನು ನಾನೇ ಕಂಡೆ.
ನಮ್ಮ ಸೋಪು ಚೆನ್ನಾಗಿ ತೊಳೆಯುತ್ತದೆ.

ನನ್ನ ಫೋನಿನಲ್ಲಿ ಹನ್ನೊಂದು ಶಿಲಿಂಗ್ ಕರೆನ್ಸಿ ಇತ್ತು.
‘ನಿನ್ನ ಬೇರಿಂಗ್ ಸತ್ತಿತು, ಮಗಳೇ’ ಅಂದೆ.
‘ಎಷ್ಟು ದಿನಕ್ಕೆ?’
‘ಒಂಬತ್ತು.’
‘ಛೆ, ಐದು ದಿನ ತಪ್ಪಿದೆ ನನ್ನ ಲೆಕ್ಕ.’

ಅವಳ ಮಾತಿನ ಹಿಂದೆ ಯಾವುದೋ ಯಂತ್ರ ಓಡುತ್ತಿತ್ತು,
ಒಂದೇ ಸಮನೆ, ಎಣ್ಣೆ ಕುಡಿದ ದನಿ.
ಎಲ್ಲಿದ್ದೀಯ, ಗೇಟಿನ ಒಳಗೋ ಹೊರಗೋ
ಎಂದು ಕೇಳುವಷ್ಟರಲ್ಲಿ
ಕರೆನ್ಸಿ ಮುಗಿಯಿತು.