ಅಲಸಂದೆ, ಮೂರನೇ ಬೆಳೆ

ಫೆಬ್ರವರಿಯ ಒಂದು ಸೋಮವಾರ
ಹದಿನಾಲ್ಕು ಗಾಜಿನ ತಟ್ಟೆಗಳಲ್ಲಿ ಒದ್ದೆ ಕಾಗದ ಹಾಸಿ
ತಟ್ಟೆಗೆ ಹತ್ತರಂತೆ ಅಲಸಂದೆ ಮಲಗಿಸಿದ್ದೆ.
ಮುಚ್ಚಳದ ಮೇಲೆ ನನ್ನ ಹೆಸರು, ಇವೆರೆನ್, ಕೆಳಗೆ ತಾರೀಖು.
ಯಾವುದಕ್ಕೆ ಎಷ್ಟು ಉಪ್ಪು ಎಂಬ ಲೆಕ್ಕ ನೋಟ್‌ಬುಕ್ಕಿನಲ್ಲಿ.
ಉಪ್ಪುನೀರಿನಲ್ಲೂ ಕಾಳು ಎಲ್ಲಿಯವರೆಗೆ ಮೊಳೆತೀತು?
ಇಷ್ಟೇ ನನ್ನ ಪ್ರಶ್ನೆ.
ಮೂರನೇ ವರ್ಷದ ಸಸ್ಯಶಾಸ್ತ್ರಕ್ಕೆ ಸಾಕಾಗುವಷ್ಟು ದೊಡ್ಡದು.

ಮಂಗಳವಾರ ಬಾಗಿಲಿಗೆ ಬೀಗ.
ಎಚ್ಚರಿಕೆಯ ಮುಷ್ಕರ, ನಾಲ್ಕೇ ವಾರ, ಅಂದರು.
ಕಿಟಕಿಗೆ ಮೂಗು ಒತ್ತಿ ನೋಡಿದೆ:
ಏಳನೇ ತಟ್ಟೆಯಲ್ಲಿ ಒಂದು ಕಾಳು
ಆಗಲೇ ಬಾಯಿ ಬಿಟ್ಟಿತ್ತು.

ನಾಲ್ಕು ಎಂಟಾಯಿತು, ಎಂಟು ಇಪ್ಪತ್ತಾಯಿತು.
ಮಾತುಕತೆ ಫಲ ಕೊಟ್ಟಿದೆ ಎಂದು ಮಂತ್ರಿಗಳು ರೇಡಿಯೋದಲ್ಲಿ ಹೇಳಿದ ದಿನವೇ
ಇನ್ನೂ ಹನ್ನೆರಡು ವಾರ ಎಂದರು ಸಂಘದವರು.
ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುವುದುಂಟು.
ಈ ಕೂಸಿಗೆ ಇಪ್ಪತ್ತನಾಲ್ಕು ವರ್ಷ.
ಮೀಸೆ ಬಂದ ಕೂಸುಗಳೂ ಇದ್ದವು.

ಅಮ್ಮ ವಾಡಾಟ ಸಂತೆಯ ಮೂಲೆಯಲ್ಲಿ ಅಕಾರಾ ಕರಿಯುತ್ತಾಳೆ.
ನಸುಕಿಗೆ ಎದ್ದು ನೆನೆದ ಅಲಸಂದೆಯನ್ನು ತಿಕ್ಕುತ್ತಿದ್ದೆ.
ಸಿಪ್ಪೆ ನೀರಿನ ಮೇಲೆ ತೇಲಿ ಹೋಗುವಾಗ
ಇದಕ್ಕೆ ಬೀಜಕವಚ ಅನ್ನುತ್ತಾರೆ ಎಂದು ನೆನಪಾಗುತ್ತಿತ್ತು.
ಆಮೇಲಾಮೇಲೆ ನೆನಪಾಗುತ್ತಿರಲಿಲ್ಲ.
"ಈ ವಾರವಾದರೂ ತೆಗೀತಾರಂತಾ?" ಎಂದು ಕೇಳುತ್ತಿದ್ದ ಗಿರಾಕಿಗಳು
ಮಳೆ ಹಿಡಿಯುವ ಹೊತ್ತಿಗೆ
"ಇನ್ನೆರಡು ಹಾಕಮ್ಮ" ಅಂತಷ್ಟೇ ಅನ್ನತೊಡಗಿದರು.

ತಂಗಿ ಎರ್ದೂ ಖಾಸಗಿ ಕಾಲೇಜಿನವಳು,
ಒಬ್ಬಳಿಗಾಗುವಷ್ಟೇ ಇತ್ತು ಅಪ್ಪ ಬೈಕು ಮಾರಿದ ದುಡ್ಡು.
ಜುಲೈಯಲ್ಲಿ ನನ್ನನ್ನು ದಾಟಿದಳು.
ಏನೂ ಅನ್ನಲಿಲ್ಲ. ರಾತ್ರಿ ಊಟಕ್ಕೆ
ನನ್ನ ಬಟ್ಟಲಿಗೆ ಮೀನಿನ ತುಂಡೊಂದು ಹೆಚ್ಚಿಗೆ ಹಾಕಿದಳು.
ಮುಳ್ಳಿಲ್ಲದ ತುಂಡು.
ಆದರೂ ಚುಚ್ಚಿತು.

ಒಂದು ಸಂಜೆ ಸೇತುವೆ ದಾಟಲು ಆಟೋ ಹತ್ತಿದರೆ
ಹ್ಯಾಂಡಲ್ ಹಿಡಿದವರು ಡಾಕ್ಟರ್ ಅಗ್ಬೇರ್.
ಕನ್ನಡಿಯಲ್ಲಿ ನನ್ನನ್ನು ಕಂಡವರೇ
ಕನ್ನಡಿಯನ್ನು ತುಸು ತಿರುಗಿಸಿದರು.
ಪಾಠವಿಲ್ಲದ ತಿಂಗಳಿಗೆ ಸಂಬಳವೂ ಇಲ್ಲ ಎಂದಿತ್ತು ಸರ್ಕಾರ.
ಕೆಳಗೆ ಬೆನ್ಯೂ ನದಿ ತುಂಬಿತ್ತು, ಇಬ್ಬರೂ ಅದನ್ನೇ ನೋಡಿದೆವು.
ನನ್ನಲ್ಲಿ ಆರು ತಿಂಗಳು ಮಸೆದಿಟ್ಟ ಮಾತೊಂದಿತ್ತು:
ನಿಮ್ಮ ಹಕ್ಕು ಸರಿ ಸಾರ್,
ನನ್ನ ವರ್ಷ ಯಾರ ಲೆಕ್ಕಕ್ಕೆ?
ಇಳಿಯುವಾಗ ಚಿಲ್ಲರೆ ಎಣಿಸಿ ಕೊಟ್ಟೆ.
ಅವರು ಎಣಿಸದೆ ಜೇಬಿಗೆ ಹಾಕಿಕೊಂಡರು.
ಅವರ ಅಂಗಿಯ ಜೇಬಿನಲ್ಲಿ ಈಗಲೂ ಕೆಂಪು ಪೆನ್ನು.

ಅಕ್ಟೋಬರಿನ ಕೊನೆಗೆ ಬೀಗ ತೆಗೆದರು, ಹಾಜರಿ ಕರೆದರು.
ಹೆಂಬಾಫಾನ್?
ಮದುವೆಯಾಯಿತು, ಈಗ ಐದು ತಿಂಗಳು, ಅಂದರು ಯಾರೋ.
ಪೆವೆರ್?
ಲಾಗೋಸಿನಲ್ಲಿ ಸಿಮೆಂಟು ಹೊರುತ್ತಾನೆ, ಬರುವುದಿಲ್ಲವಂತೆ.
ತೆರ್ವಾಸೆ?
ಯಾರೂ ಏನೂ ಅನ್ನಲಿಲ್ಲ.
ಅಗ್ಬೇರ್ ಮೇಷ್ಟ್ರು ಆ ಹೆಸರಿನ ಮೇಲೆ ಪೆನ್ನಿಟ್ಟು
ಹೊಡೆದು ಹಾಕದೆ
ಮುಂದಿನದಕ್ಕೆ ಹೋದರು.

ಲ್ಯಾಬಿನಲ್ಲಿ ಕಪ್ಪು ಬೂಷ್ಟು ಒಣಗಿ ಪುಡಿಯಾಗಿತ್ತು.
ತಟ್ಟೆ ಎಣಿಸಿದೆ: ಹದಿಮೂರು.
ಕಾವಲಿನ ಓಚೆಫು ತಾತ ಹಾಲಿನ ಪುಡಿಯ ಡಬ್ಬಿ ಹಿಡಿದು ಬಂದ.
"ಕೀಲಿ ನನ್ನ ಹತ್ತಿರ ಇತ್ತು, ಮೇಲಿನವರಿಗೆ ಹೇಳಬೇಡ.
ಏಳನೆಯದರಲ್ಲಿ ಆರು ಬದುಕಿದ್ದವು, ಗೇಟಿನ ಪಕ್ಕ ಊರಿದೆ.
ಮೇ ಹೊತ್ತಿಗೆ ಕಾಯಿ ಬಿಟ್ಟವು. ಅದನ್ನೇ ಮತ್ತೆ ಊರಿದೆ. ಆಮೇಲೆ ಮತ್ತೆ.
ನಡುನಡುವೆ ಒಂದಿಷ್ಟು ಬೇಯಿಸಿಕೊಂಡೆ ಮಗಳೇ,
ನಮಗೂ ಕೊಟ್ಟಿರಲಿಲ್ಲ ಸಂಬಳ."

ಡಬ್ಬಿ ಅಲ್ಲಾಡಿಸಿದೆ. ಗಲಗಲ.
ಕಾಳಿಗೆ ಮೂರನೇ ತಲೆಮಾರು.
ನನಗೆ ಇನ್ನೂ ಮೂರನೇ ವರ್ಷ.

ಏಳನೇ ತಟ್ಟೆಗೆ ಎಷ್ಟು ಉಪ್ಪು ಹಾಕಿದ್ದೆ?
ಚೀಲದಿಂದ ನೋಟ್‌ಬುಕ್ಕು ತೆಗೆದು ನೋಡಿದರೆ
ಆ ಹಾಳೆ ಇಲ್ಲ.
ಜೂನಿನಲ್ಲೆಂದೋ, ಸಂತೆಯಲ್ಲಿ ಕಾಗದ ಮುಗಿದ ದಿನ,
ಅದರಲ್ಲಿ ಯಾರಿಗೋ ನಾಲ್ಕು ಅಕಾರಾ ಕಟ್ಟಿಕೊಟ್ಟಿದ್ದೆ.
ನಾನೇ ಹರಿದದ್ದು. ಬಿಸಿ ಎಣ್ಣೆ ಹರಡುತ್ತ
ಅಂಕಿಗಳು ಪಾರದರ್ಶಕವಾದದ್ದು ನೆನಪಿದೆ,
ಅಂಕಿ ನೆನಪಿಲ್ಲ.

ತಾತ ಇನ್ನೂ ನಿಂತೇ ಇದ್ದ.
ಡಬ್ಬಿ ವಾಪಸು ಬೇಕಂತೆ.
ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ
ನೆಲದ ಮೇಲೆ ಹಾಸಿದೆ.