ನಿಮಿಷಕ್ಕೆ ನೂರು ಪದ

ಸ್ವರಗಳನ್ನು ಬಿಟ್ಟುಬಿಡಿ ಅನ್ನುತ್ತಾರೆ ಮಿಸೆಸ್ ಪ್ರೊಥೆರೊ
ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ, ಕೈಯಲ್ಲಿ ನಿಲ್ಲುಗಡಿಯಾರ.
ವ್ಯಂಜನ ಸಾಕು. ಎಲುಬು ಸಾಕು.
ಮಾಂಸ ಆಮೇಲೆ ನೀವೇ ತುಂಬಿಕೊಳ್ಳಿ.
ಶೀಘ್ರಲಿಪಿ ಕಲಿಯುವ ನಾವು ಹನ್ನೊಂದು ಮಂದಿ
ಬಸ್ಸು ತಪ್ಪಿಸಿಕೊಂಡವರ ಹಾಗೆ
ಓಡುತ್ತೇವೆ ಅವರ ಬಾಯಿಯ ಹಿಂದೆ.
ನೂರಾದರೆ ಪಾಸು.
ಎಂಬತ್ತಕ್ಕೇ ನನಗೆ ಏದುಸಿರು.

ಒಂದು ಗಂಟೆಗೆ ಗ್ರಿಮ್ಸ್‌ಬಿಯ ಬಂದರು ಬೀದಿ:
ಉಪ್ಪು, ಡೀಸೆಲ್, ಹೊಗೆಗಿಟ್ಟ ಹ್ಯಾಡಕ್ ಮೀನು.
ಪತ್ರಿಕೆಯ ಕಚೇರಿ ಈಗ ಕಾರ್ಪೆಟ್ ಅಂಗಡಿಯ ಮೇಲೆ.
ಮೂವತ್ತು ಕುರ್ಚಿಯಲ್ಲಿ ಉಳಿದದ್ದು ಆರು,
ಆರನೆಯದರ ಚಕ್ರ ಮುರಿದಿದೆ,
ಅದು ನನ್ನದು.

ಎರಡು ದೋಣಿಯಲ್ಲಿ ಕಾಲಿಡಬೇಡ ಅನ್ನುತ್ತಿದ್ದ ಅಜ್ಜ.
ಟ್ರಾಲರಿನಲ್ಲಿ ಮುಪ್ಪಾದವನು;
ಅವನಿಗೆ ಅದು ಗಾದೆಯಲ್ಲ,
ಒಬ್ಬನನ್ನು ಹಾಗೆ ಕಳಕೊಂಡಿದ್ದ.

ನಾನು ಇಟ್ಟಿದ್ದೇನೆ.
ಬೆಳಿಗ್ಗೆ ಮಾನಹಾನಿ ಕಾಯಿದೆ, ಮಧ್ಯಾಹ್ನ ಕಸದ ತೊಟ್ಟಿಯ ಬಣ್ಣದ ಬಗ್ಗೆ
ಪುರಸಭೆಯ ಎರಡೂವರೆ ಗಂಟೆ ಚರ್ಚೆ.
ನೂರು ತುಂಬಿದ ಅಜ್ಜಿಯೊಬ್ಬಳನ್ನು ಗುಟ್ಟೇನೆಂದು ಕೇಳಿದೆ:
ಮದುವೆಯಾಗಲಿಲ್ಲ, ಅಷ್ಟೇ, ಅಂದಳು.
ಡೆಸ್ಮಂಡ್ ಅದನ್ನು ತೆಗೆದುಹಾಕಿದ.

ಆ ಮಂಗಳವಾರ ಡೆಸ್ಮಂಡ್ ಪರದೆಯಿಂದ ಕಣ್ಣೆತ್ತದೆ ಹೇಳಿದ:
ಕಾಲ್ಥಾರ್ಪರ ಮನೆಗೆ ಹೋಗಿ ಬಾ.
ಶೈತ್ಯಾಗಾರದಲ್ಲಿ ಸತ್ತನಲ್ಲ, ಆ ಹುಡುಗ.
ಫೋಟೊ ಕೊಟ್ಟರೆ ತಾ. ಒಂದೇ ಸಲ ತಟ್ಟು.

ಒಂದೇ ಸಲ ತಟ್ಟಿದೆ.
ತೆರೆಯದಿರಲಿ ಎಂದು ಬೇಡಿಕೊಳ್ಳುತ್ತಲೇ ತಟ್ಟಿದೆ.
ತೆರೆಯಿತು.

ಬರೆದುಕೋ, ಅಂದಳು ತಾಯಿ. ಜೊನಾಥನ್.
ಕೊನೆಗೆ ‘ಎ’ ಅಲ್ಲ, ‘ಓ’.
ನೋಂದಣಿಯ ದಿನ ಅವರಪ್ಪ ಕುಡಿದು ಹೋಗಿದ್ದ,
ಹಾಗೇ ಉಳಿಯಿತು.
ಶಾಲೆಯಲ್ಲಿ ತಪ್ಪು ಬರೆದರು.
ಸಂಬಳದ ಚೀಟಿಯಲ್ಲಿ ತಪ್ಪು ಬರೆದರು.
ನೀನಾದರೂ.

ರಾತ್ರಿ ಹನ್ನೊಂದು ದಾಟಿತ್ತು,
ನ್ಯಾಯಾಂಗ ನಿಂದನೆಯ ಅಧ್ಯಾಯದಲ್ಲಿ ತೂಕಡಿಸುತ್ತಿದ್ದೆ.
ಯಾಕೋ ನೋಟ್‌ಬುಕ್ ಎಳೆದು ನೋಡಿದೆ:
ಒಂದು ಕೊಕ್ಕೆ, ಒಂದು ಗೆರೆ, ಮತ್ತೊಂದು ಕೊಕ್ಕೆ.
ಎಲುಬು ಮಾತ್ರ.
ಮಿಸೆಸ್ ಪ್ರೊಥೆರೊ ಮೆಚ್ಚುವಂಥ ಎಲುಬು.
ಮಾಂಸ ತುಂಬಿದ್ದು ಬೆರಳು, ಲೋಕದ ರೂಢಿಯಂತೆ.

ಪುಟ ಕಟ್ಟುವ ವಿನ್ಸ್ ಕೂತಿರುವುದು ಇನ್ನೂರು ಮೈಲಿ ಆಚೆ,
ಒಂಬತ್ತು ಊರಿನ ಪತ್ರಿಕೆಗೆ ಒಬ್ಬನೇ.
ಒಂದಕ್ಷರಕ್ಕೆ ಫೋನು ಮಾಡಿದೆಯಾ? ಅಂದ.
ಒಂದಕ್ಷರಕ್ಕೆ, ಅಂದೆ.
ಉಸಿರು ಬಿಟ್ಟದ್ದು ಕೇಳಿಸಿತು, ಆಮೇಲೆ
ಕೀಲಿಯ ಸದ್ದು, ಎರಡು ಸಲ. ಅಳಿಸಲು ಒಂದು, ಬರೆಯಲು ಒಂದು.

ಗುರುವಾರ ಅವಳದೇ ಫೋನು.
ಹೊಟ್ಟೆಯಲ್ಲಿ ಹಳೆಯ ಲಂಗರು ಬಿತ್ತು.
ಹೆಸರಿನ ಸುದ್ದಿಯನ್ನೇ ಎತ್ತಲಿಲ್ಲ.
ಫೋಟೊ ಯಾವಾಗ ಕೊಡ್ತೀ? ಅಂದಳು.
ಅದು ಕಾನೂನು ಪುಸ್ತಕದೊಳಗಿತ್ತು,
ನಾನು ಓದಿ ಮುಗಿಸದ ಪುಟದಲ್ಲಿ.
ಎರಡು ದಿನದಿಂದ ಆ ಹುಡುಗ ನನ್ನ ಗುರುತುಚೀಟಿಯಾಗಿದ್ದ.

ಹೋದೆ. ಚಹಾ ಕೊಟ್ಟಳು, ಸಕ್ಕರೆ ಮರೆತು.
ಪರೀಕ್ಷೆ ಯಾವಾಗ? ನಾಳೆ. ಏನು ಮಾಡಬೇಕು ಅದಕ್ಕೆ?
ಯಾರಾದರೂ ಓದಬೇಕು, ನಾನು ಬರೆದುಕೊಳ್ಳಬೇಕು.
ಕನ್ನಡಕ ಏರಿಸಿ ನಮ್ಮ ಪತ್ರಿಕೆಯನ್ನೇ ತಂದಳು.
ಮೊದಲ ಪುಟವನ್ನು ಒಳಮಗ್ಗುಲಾಗಿ ಮಡಚಿ
ಹಿಂದಿನ ಪುಟದಿಂದ ಶುರುಮಾಡಿದಳು:
ಹುಲ್ಲು ಕತ್ತರಿಸುವ ಯಂತ್ರ ಮಾರಾಟಕ್ಕಿದೆ, ಹೆಚ್ಚು ಬಳಸಿಲ್ಲ.
ತೊಟ್ಟಿಲು, ಬಂದು ಒಯ್ಯುವವರಿಗೆ ಉಚಿತ.
ಕಳೆದುಹೋದ ಬೂದು ಬೆಕ್ಕು, ಕರೆದರೆ ಬರುವುದಿಲ್ಲ.

ಗೋಡೆಯ ಗಡಿಯಾರ ನೋಡಿ ಎಣಿಸಿದೆ.
ನಿಮಿಷಕ್ಕೆ ಐವತ್ತೆಂಟು.
ನನ್ನ ಪರೀಕ್ಷೆಗೆ ಏನೇನೂ ಸಾಲದು.
ಇನ್ನೊಂದು ಸಲ ಓದಿ ಅಂದೆ,
ಇಷ್ಟೇ ನಿಧಾನವಾಗಿ.