ರಸಮಟ್ಟದ ರಸ

ಕೋಡಿಬಾಗದ ಸೈಟು. ಗೋಡೆ ಲಿಂಟಲ್‌ಮಟ್ಟಕ್ಕೆ.
ಚಿರೆಕಲ್ಲು ಎರಡು ಸಾವಿರ,
ಒಡೆಯುವುದಕ್ಕೆಂದೇ ಮತ್ತೆ ನೂರು,
ಮರಳು ಬ್ರಾಸಿಗಿಷ್ಟು, ಗಿಲಾಯಿ ಚದರಕ್ಕಿಷ್ಟು.
ಎಸ್ಟಿಮೇಟು ನನ್ನದೇ, ಸಹಿಯೂ.

ಪುರಸೋ ಮೇಸ್ತ ಹೊಸ ಹುಡುಗ ದತ್ತೂನನ್ನು ಕರೆದು
ಮುಖ ಸಡಿಲಿಸದೆ ಹೇಳಿದ:
"ರಸಮಟ್ಟದ ರಸ ಆರಿದೆ ಮಾರಾಯ,
ಪೇಟೆಗೆ ಹೋಗಿ ಅರ್ಧ ಲೀಟರ್ ತಾ."
ಸೆಂಟ್ರಿಂಗಿನ ಮೇಲಿದ್ದವರಿಗೆಲ್ಲ ಒಮ್ಮೆಲೇ ಕೆಮ್ಮು.

ಹಾರ್ಡ್‌ವೇರಿನವ ಪೇಂಟಿನಂಗಡಿಗೆ ಕಳಿಸಿದ,
ಪೇಂಟಿನವ ಇನ್ನೆಲ್ಲಿಗೋ.
ಹನ್ನೆರಡರ ಬಿಸಿಲಿಗೆ ದತ್ತು ಬಂದ
ಬಾಟಲಿ ತುಂಬ ಕೋಕಂ ರಸ ಹಿಡಿದು.
"ಮಟ್ಟಕ್ಕೊ ಮೇಸ್ತನಿಗೊ ಅಂದರು.
ಮೇಸ್ತನಿಗೇ, ಮಟ್ಟ ತಪ್ಪಿದ್ದು ಅವರದೇ ಅಂದೆ."

ಮೊದಲ ಲೋಟ ಮೇಸ್ತನೇ ಕುಡಿದ.
ಗೋಡೆ ಕಾಲಿಂಚು ವಾಲಿದ್ದು
ಎರಡನೇ ಲೋಟಕ್ಕೆ ಕಣ್ಣಿಗೆ ಬಿತ್ತು.

ಬಿಲ್ಲು ಅರವತ್ತು ರೂಪಾಯಿ.
'ಅನಿರೀಕ್ಷಿತ ಖರ್ಚು, ಮೂರು ಪರ್ಸೆಂಟ್':
ಆ ಸಾಲು ಯಾಕೆಂದು
ಮಾಲಕರು ಕೇಳುತ್ತಲೇ ಇರುತ್ತಾರೆ.